ಬೆಟ್‌ಸ್ಟಾಪ್‌ನಲ್ಲಿ ನನ್ನ ಹೆಸರು

2023ರ ನವೆಂಬರ್ 19. ರಾತ್ರಿ ಹನ್ನೆರಡು ದಾಟಿತ್ತು. ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್, ಆಸ್ಟ್ರೇಲಿಯಾ 47ಕ್ಕೆ 3. ನಾನು ಮೆಲ್ಬರ್ನಿನ ಟಾರ್ನೀಟ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ, ವಾಷಿಂಗ್ ಮಷಿನ್ ಪಕ್ಕ ನಿಂತು ಫೋನಿನಲ್ಲಿ ಪಿಸುದನಿಯಲ್ಲಿ ಭಾರತ ಗೆಲ್ಲುತ್ತದೆ ಅಂತ ಬೆಟ್ ಕಟ್ಟುತ್ತಿದ್ದೆ. ಈ ದೇಶದಲ್ಲಿ ಆಟ ನಡೆಯುತ್ತಿರುವಾಗ ಆನ್‌ಲೈನಲ್ಲಿ ಬೆಟ್ ಕಟ್ಟುವಂತಿಲ್ಲ, ಫೋನ್ ಮಾಡಿ ಕಟ್ಟಬಹುದು. ಒಳಗೆ ಹೆಂಡತಿ, ಮಕ್ಕಳು ಮಲಗಿದ್ದರು. ಆ ದುಡ್ಡು ಸಂಕ್ರಾಂತಿಗೆ ನಾಲ್ಕು ಜನ ಮಂಡ್ಯಕ್ಕೆ ಹೋಗಲು ಎತ್ತಿಟ್ಟಿದ್ದ ಟಿಕೆಟ್ ದುಡ್ಡು. ಮಕ್ಕಳಿಗೆ ನಮ್ಮೂರಲ್ಲಿ ಎತ್ತುಗಳಿಗೆ ಕಿಚ್ಚು ಹಾಯಿಸುವುದನ್ನು ತೋರಿಸುತ್ತೇನೆ ಅಂತ ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದೆ. ಟ್ರಾವಿಸ್ ಹೆಡ್ 137 ಹೊಡೆದ. ಬೆಳಗಿನ ಜಾವ ಮೂರಕ್ಕೆಲ್ಲಾ ಎಲ್ಲ ಮುಗಿದಿತ್ತು.

ಅದಕ್ಕೂ ಮೊದಲು ಮೂರು ಸಲ ಬಿಟ್ಟಿದ್ದೆ. ಆ್ಯಪ್ ಅಳಿಸಿದ್ದೆ. ಮೇಲುಕೋಟೆ ಚೆಲುವನಾರಾಯಣನ ಹೆಸರಲ್ಲಿ ಆಣೆ ಇಟ್ಟಿದ್ದೆ. ಆದರೆ ಆ್ಯಪ್ ಹೋದರೂ ಖಾತೆ ಹಾಗೇ ಇರುತ್ತದೆ, ಮತ್ತೆ ಹಾಕಿಕೊಳ್ಳಲು ಒಂದು ನಿಮಿಷ ಬೇಡ. ಆಣೆ ಮುರಿದದ್ದು ಯಾರಿಗೂ ಕಾಣುವುದಿಲ್ಲ. ಟಿವಿಯಲ್ಲಿ ಬೆಟ್ಟಿಂಗ್ ಜಾಹೀರಾತಿನ ಕೊನೆಗೆ 'ನೀವು ಸೋಲುವ ಸಾಧ್ಯತೆಯೇ ಹೆಚ್ಚು' ಅನ್ನೋ ಅರ್ಥದ ಎಚ್ಚರಿಕೆ ಬರುತ್ತದೆ. ಸರ್ಕಾರವೇ ಹಾಕಿಸಿರುವ ಮಾತು. ಅದು ಬರುವ ಹೊತ್ತಿಗೆ ನನ್ನ ಕೈ ಫೋನಿನ ಮೇಲಿರುತ್ತಿತ್ತು.

ಸೋತ ರಾತ್ರಿ ನಾನು ಏನೂ ಮಾಡಲಿಲ್ಲ. ಆವತ್ತು ಮನಸ್ಸಿನಲ್ಲಿದ್ದದ್ದು ಹೋದದ್ದನ್ನು ವಾಪಸ್ ತೆಗೆಯಬೇಕು ಅನ್ನೋದೊಂದೇ. ಎಂಟು ದಿನ ಆದ ಮೇಲೆ, ಸೋಮವಾರ ಸಂಜೆ, ನನ್ನವಳು 'ಟಿಕೆಟ್ ಮಾಡಿಸಿದ್ರೇನ್ರೀ?' ಅಂತ ಕೇಳಿದಳು. ಹೇಳಿಬಿಟ್ಟೆ. ಅವಳು ಬೈಯಲಿಲ್ಲ. 'ಒಟ್ಟು ಎಷ್ಟು ಹೋಗಿದೆ?' ಅಂದಳು. ನನಗೆ ಗೊತ್ತಿರಲಿಲ್ಲ. ನಾನು ಪೇರೋಲ್ ಕೆಲಸದವನು, ಇನ್ನೂರು ಜನರ ಸಂಬಳದಲ್ಲಿ ಐದು ಸೆಂಟ್ ತಪ್ಪಿದರೂ ಹುಡುಕುತ್ತೇನೆ. ಬೆಟ್ಟಿಂಗ್ ಕಂಪನಿಗಳು ಗೆದ್ದದ್ದು ಸೋತದ್ದರ ಸ್ಟೇಟ್‌ಮೆಂಟನ್ನು ತಿಂಗಳು ತಿಂಗಳು ಕಳಿಸಲೇಬೇಕು ಅಂತ ಇಲ್ಲಿ ನಿಯಮವಿದೆ. ಬಂದ ಈಮೇಲುಗಳನ್ನು ಒಂದನ್ನೂ ತೆರೆದಿರಲಿಲ್ಲ. ಆವತ್ತು ಅಡುಗೆಮನೆ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅವಳು ಓದುತ್ತಾ ಹೋದಳು, ನಾನು ಎಕ್ಸೆಲ್‌ನಲ್ಲಿ ಹಾಕುತ್ತಾ ಹೋದೆ. ಹದಿನಾಲ್ಕು ತಿಂಗಳು. 31,860 ಡಾಲರ್. ಅದರಲ್ಲಿ ಮುಕ್ಕಾಲು ಪಾಲು ಕ್ರೆಡಿಟ್ ಕಾರ್ಡಿನದು.

ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಸಂಜೆ ಬೆಟ್‌ಸ್ಟಾಪ್ ತೆರೆದೆವು. ನಮ್ಮ ಮೇಲೆ ನಾವೇ ಹಾಕಿಸಿಕೊಳ್ಳುವ ನಿಷೇಧದ ರಾಷ್ಟ್ರೀಯ ಪಟ್ಟಿ ಅದು. 2023ರ ಆಗಸ್ಟ್ 21ರಂದು ಶುರುವಾಗಿ ಆಗಿನ್ನೂ ಮೂರು ತಿಂಗಳಾಗಿತ್ತು. ಅದಕ್ಕೂ ಮೊದಲು ಒಂದೊಂದು ಕಂಪನಿಯ ಹತ್ತಿರವೂ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕಿತ್ತು, ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದು ತೆರೆದೇ ಇರುತ್ತಿತ್ತು. ಈಗ ಒಂದೇ ಕಡೆ ಹೆಸರು ಬರೆಸಿದರೆ, ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇರುವ ಯಾವ ಆನ್‌ಲೈನ್ ಅಥವಾ ಫೋನ್ ಬೆಟ್ಟಿಂಗ್ ಕಂಪನಿಯೂ ನಮ್ಮಿಂದ ಬೆಟ್ ತೆಗೆದುಕೊಳ್ಳುವಂತಿಲ್ಲ, ಹೊಸ ಖಾತೆ ಕೊಡುವಂತಿಲ್ಲ, ಬೋನಸ್ಸಿನ ಮೆಸೇಜ್ ಕಳಿಸುವಂತಿಲ್ಲ. ದುಡ್ಡು ಕೇಳುವುದಿಲ್ಲ. ಹೆಸರು, ಹುಟ್ಟಿದ ದಿನ, ವಿಳಾಸ, ಫೋನ್, ಈಮೇಲ್, ಗುರುತಿನ ಚೀಟಿ. ನಾನು ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ.

ಕೈ ನಿಂತದ್ದು ಅವಧಿ ಕೇಳಿದ ಜಾಗದಲ್ಲಿ. ಕಡಿಮೆ ಅಂದರೆ ಮೂರು ತಿಂಗಳು, ಹೆಚ್ಚು ಅಂದರೆ ಜೀವನಪೂರ್ತಿ. ನಾನು ಮೂರು ತಿಂಗಳ ಮೇಲೆ ಮೌಸ್ ಇಟ್ಟೆ. 'ಮೊದಲು ಇಷ್ಟು ನೋಡೋಣ' ಅಂದೆ.

'ಮೂರು ತಿಂಗಳು ಅಂದ್ರೆ ಯಾವಾಗ ಮುಗಿಯುತ್ತೆ?'

'ಫೆಬ್ರವರಿ ಕೊನೆ.'

'ಐಪಿಎಲ್ ಯಾವಾಗ?'

ನನ್ನ ತಲೆ ಆ ಲೆಕ್ಕವನ್ನು ನನಗಿಂತ ಮೊದಲೇ ಹಾಕಿಟ್ಟಿತ್ತು. ಅವಳು ಕೇಳುವವರೆಗೆ ಅದು ನನಗೇ ತಿಳಿದಿರಲಿಲ್ಲ, ದೇವರಾಣೆಗೂ. ಜೀವನಪೂರ್ತಿ ಅಂತ ಒತ್ತಿದೆ. ಬೆಂಬಲಕ್ಕೆ ಐದು ಜನರವರೆಗೆ ಹೆಸರು ಕೊಡಬಹುದು, ಅವಳ ಹೆಸರು ಕೊಟ್ಟೆ. ಮೊದಲ ಮೂರು ತಿಂಗಳು ಏನೇ ಮಾಡಿದರೂ ಹೊರಗೆ ಬರಲಾಗದು. ಆಮೇಲೂ ಬರಬೇಕೆಂದರೆ ಅರ್ಹ ಸಲಹೆಗಾರರನ್ನು ಕಂಡು, ಹಾಗೆ ಕಂಡಿದ್ದೇನೆ ಅಂತ ಕಾನೂನು ಪ್ರಕಾರ ಪ್ರಮಾಣ ಮಾಡಿ ಬರೆದುಕೊಡಬೇಕು. ಅಷ್ಟು ಕಷ್ಟ ಇರುವುದರಿಂದಲೇ ಅದು ನನಗೆ ಕೆಲಸಕ್ಕೆ ಬಂತು. ಬೆಟ್ ಕಟ್ಟುವ ತಹತಹ ನನ್ನಲ್ಲಿ ಏಳುವುದು ಇಪ್ಪತ್ತು, ಮೂವತ್ತು ನಿಮಿಷ. ಅಷ್ಟರೊಳಗೆ ದಾರಿ ಸಿಗದಿದ್ದರೆ ಅದು ತಾನಾಗಿ ಇಳಿಯುತ್ತದೆ.

ಇನ್ನು ಈ ಪಟ್ಟಿಯ ತೂತುಗಳು. ನಮ್ಮವರು ಇದನ್ನು ಗಮನವಿಟ್ಟು ಓದಬೇಕು. ಮೂರು ವಾರದ ಮೇಲೆ ಒಂದು ಕಂಪನಿಯಿಂದ 'ನಿಮಗಾಗಿ 50 ಡಾಲರ್ ಬೋನಸ್' ಅಂತ ಮೆಸೇಜ್ ಬಂತು. ಹುಡುಕಿದರೆ, ಆ ಹಳೇ ಖಾತೆಯಲ್ಲಿ ನನ್ನ ಹೆಸರೇ ಬೇರೆ ಥರ ಇತ್ತು. ನಮ್ಮ ಕಡೆಯ ಹೆಸರು ಗೊತ್ತಲ್ಲ, ಊರು, ಅಪ್ಪನ ಹೆಸರು, ನನ್ನ ಹೆಸರು. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು ಒಂದು, ಲೈಸೆನ್ಸಿನಲ್ಲಿ ಹಿಂದುಮುಂದಾದದ್ದು ಒಂದು, ಈ ಖಾತೆಯಲ್ಲಿ ಬರೀ ಇನಿಶಿಯಲ್ಲು. ಜೊತೆಗೆ ಹಳೇ ಫೋನ್ ನಂಬರು, ಬಾಡಿಗೆ ಮನೆಯ ವಿಳಾಸ. ಆ ಮೆಸೇಜ್ ನೋಡಿದಾಗ ಎದೆ ಹೊಡೆದುಕೊಂಡದ್ದು ಭಯಕ್ಕಲ್ಲ, ಆಸೆಗೆ. ಫೋನನ್ನು ಅವಳ ಕೈಗೆ ಕೊಟ್ಟೆ. 'ಈ ವ್ಯಕ್ತಿ ನಾನೇ, ಬೆಟ್‌ಸ್ಟಾಪ್‌ನಲ್ಲಿದ್ದೇನೆ, ಖಾತೆ ಮುಚ್ಚಿ' ಅಂತ ಇಬ್ಬರೂ ಕೂತು ಕಂಪನಿಗೆ ಬರೆದೆವು. ಮುಚ್ಚಿದರು. ನೀವು ಹೆಸರು ಬರೆಸುವ ದಿನವೇ ಹಳೇ ಖಾತೆಗಳನ್ನೆಲ್ಲ ನೆನಪು ಮಾಡಿಕೊಂಡು ಯಾವ್ಯಾವ ಹೆಸರು, ಯಾವ್ಯಾವ ನಂಬರು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಪಬ್ಬುಗಳ ಪೋಕಿ ಮಷಿನ್ (ದುಡ್ಡು ಹಾಕಿ ಆಡುವ ಜೂಜಿನ ಯಂತ್ರ), ಕ್ಯಾಸಿನೊ, ಕೌಂಟರಿನಲ್ಲಿ ನಗದು ಕೊಟ್ಟು ಕಟ್ಟುವ ಬೆಟ್, ಲಾಟರಿ, ಇವು ಯಾವುವೂ ಬೆಟ್‌ಸ್ಟಾಪಿನ ಕೆಳಗೆ ಬರುವುದಿಲ್ಲ. ಪೋಕಿ, ಕ್ಯಾಸಿನೊಗಳಿಗೆ ಬೇರೆಯೇ ಅರ್ಜಿ ಇದೆ. ಬ್ಯಾಂಕಿನ ಆ್ಯಪಿನಲ್ಲಿ ಜೂಜಿನ ಪಾವತಿ ತಡೆಯುವ ಬಟನ್ ಇತ್ತು, ಒತ್ತಿದೆ. ಅದು ನಿಲ್ಲಿಸುವುದು ಕಾರ್ಡನ್ನು ಮಾತ್ರ. ಹಾಗಾಗಿ ನನ್ನ ಸಂಬಳ ಜಂಟಿ ಖಾತೆಗೆ ಹೋಗುವ ಹಾಗೆ ಮಾಡಿ, ಪ್ರತಿ ಪಾವತಿಯ ಮೆಸೇಜೂ ಅವಳ ಫೋನಿಗೆ ಹೋಗಲಿ ಅಂತ ಇಟ್ಟೆವು. 2024ರ ಜೂನ್ 11ರಿಂದ ಆನ್‌ಲೈನ್ ಬೆಟ್ಟಿಂಗಿಗೆ ಕ್ರೆಡಿಟ್ ಕಾರ್ಡನ್ನೇ ಇಲ್ಲಿ ನಿಷೇಧಿಸಿದರು. ನನ್ನ ಮಟ್ಟಿಗೆ ಅದು ತಡವಾಯಿತು.

ದೊಡ್ಡ ತೂತು ಊರಿನಿಂದಲೇ ಬಂತು. ಸಂಕ್ರಾಂತಿ ಹಬ್ಬದ ಶುಭಾಶಯದ ಕೆಳಗೇ ಬೆಂಗಳೂರಿನ ಹಳೇ ಕ್ಲಾಸ್‌ಮೇಟ್ ವಾಟ್ಸಾಪಿನಲ್ಲಿ ಹಾಕಿದ್ದ: 'ಮಗಾ, ಐಡಿ ಬೇಕಾ?' ಐಡಿ ಅಂದರೆ ಕಳ್ಳ ಬೆಟ್ಟಿಂಗ್ ಸೈಟಿನ ಲಾಗಿನ್. ಈ ದಂಧೆಗೆ ಲೈಸೆನ್ಸೂ ಇಲ್ಲ, ಬೆಟ್‌ಸ್ಟಾಪ್‌ನಂಥ ಪಟ್ಟಿಯೂ ಇಲ್ಲ. ಎರಡು ದಿನ ಉತ್ತರ ಕೊಡಲಿಲ್ಲ, ಅಳಿಸಲೂ ಇಲ್ಲ. ಮೂರನೇ ದಿನ ಇಲ್ಲಿನ ಜೂಜಿನ ಸಹಾಯವಾಣಿ ಗ್ಯಾಂಬ್ಲರ್ಸ್ ಹೆಲ್ಪ್‌ಗೆ, 1800 858 858ಕ್ಕೆ, ಫೋನ್ ಮಾಡಿದೆ. ಆ ಕಡೆಯ ಹೆಂಗಸು ಕೇಳಿದ್ದು ಒಂದೇ: 'ಆ ಗೆಳೆಯನಿಗೆ ನಿನ್ನ ವಿಷಯ ಗೊತ್ತಾ?' ಗೊತ್ತಿರಲಿಲ್ಲ. ಅವನಿಗೆ ಫೋನ್ ಮಾಡಿ, 'ಮಗಾ, ನಂಗೆ ಜೂಜಿನ ಕಾಯಿಲೆ ಇದೆ ಕಣೋ, ಇದನ್ನ ಕಳಿಸ್ಬೇಡ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಂಗೂ ಹೋಗಿದೆ ಮಗಾ' ಅಂದ. ಎಷ್ಟು ಅಂತ ನಾನು ಕೇಳಲಿಲ್ಲ. ಭಾರತದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಕೊಟ್ಟೆ, ಕನ್ನಡದಲ್ಲೇ ಮಾತಾಡಬಹುದು ಅಂತ ಹೇಳಿದೆ. ಆ ಚಾಟ್ ಅಳಿಸಿ, ಫೋನಿಗೂ ಲ್ಯಾಪ್‌ಟಾಪಿಗೂ ಜೂಜಿನ ಸೈಟುಗಳನ್ನು ತಡೆಯುವ ಗ್ಯಾಂಬಾನ್ ಹಾಕಿದೆ.

ಆ ವರ್ಷ ಊರಿಗೆ ಹೋಗಲಿಲ್ಲ.

2024ರ ಜೂನ್ 30ರ ಬೆಳಗಿನ ಜಾವ ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ ಫೈನಲ್. ನೋಡಬೇಕೋ ಬೇಡವೋ ಅಂತ ಒಂದು ವಾರ ಇಬ್ಬರೂ ಮಾತಾಡಿ, ಫೋನನ್ನು ಅವಳ ದಿಂಬಿನ ಕೆಳಗಿಟ್ಟು ಕೂತೆ. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಬೇಕಿತ್ತು, ಕ್ಲಾಸೆನ್ ಆಡುತ್ತಿದ್ದ. ಎದ್ದು ಗ್ಯಾರೇಜಿನ ಬಾಗಿಲವರೆಗೆ ಹೋದೆ. ಚಿಲಕದ ಮೇಲೆ ಕೈ ಇಟ್ಟೆ. ಯಾರಿಗೆ ಫೋನ್ ಮಾಡುವುದು, ಎಲ್ಲ ಕಡೆಯೂ ನನ್ನ ಹೆಸರಿದೆ. ವಾಪಸ್ ಬಂದು ಕೂತೆ. ಸೂರ್ಯಕುಮಾರ್ ಬೌಂಡರಿ ಗೆರೆಯ ಮೇಲೆ ಹಿಡಿದ ಕ್ಯಾಚನ್ನು ಕಣ್ಣಾರೆ ನೋಡಿದೆ.

ನಾಲ್ಕು ಗಂಟೆಗೆ ಅವಳು ಕಣ್ಣುಜ್ಜಿಕೊಂಡು ಬಂದಳು.

'ಗೆದ್ರಾ?'

'ಏಳು ರನ್ನಲ್ಲಿ' ಅಂದೆ.