ದಮ್ಮಿಗೊಂದು ಲೆಕ್ಕದ ಪುಸ್ತಕ ಇಡೋದು ಹೇಗೆ
ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ಚೀಲ ಸುರಿದರೆ ಘಾಟಿಗೆ ಎಲ್ಲರೂ ಸೀನುತ್ತಾರೆ. ನನಗೆ ಮಾತ್ರ ರಾತ್ರಿ ದಮ್ಮು, ಅಂದರೆ ಉಬ್ಬಸ. ಎದೆಯಲ್ಲಿ ಸೀಟಿ. 'ಕಫ' ಅಂದರು ಒಬ್ಬರು, 'ಟೆನ್ಷನ್' ಅಂದರು ಇನ್ನೊಬ್ಬರು. ಕೊನೆಗೆ ಲೆಕ್ಕ ಇಟ್ಟೇ ನೋಡೋಣ ಅಂದುಕೊಂಡೆ.

ನೂರು ಪುಟದ ನೋಟ್‌ಬುಕ್ ಸಾಕು. ಎಡಪುಟಕ್ಕೆ ಆ ದಿನ ಎಲ್ಲಿದ್ದಿರಿ, ಹವಾ ಹೇಗಿತ್ತು, ಮೂಗಿಗೆ ಏನು ಬಡಿಯಿತು. ಬಲಪುಟಕ್ಕೆ ಸೀಟಿ ಶುರುವಾದ ಹೊತ್ತು, ಎಷ್ಟು ಸಲ ಪಂಪು (ಇನ್ಹೇಲರ್) ಹೊಡೆದಿರಿ. ಎಡಪುಟವನ್ನು ಮಲಗುವ ಮುಂಚೆಯೇ ತುಂಬಿ. ದಮ್ಮು ಬಂದ ಮೇಲೆ ಬರೆದರೆ ಮನಸ್ಸು ತನಗೆ ಬೇಕಾದ ಕಳ್ಳನನ್ನೇ ಹಿಡಿಯುತ್ತದೆ.

ಎಡಪುಟದ ಕಲಮುಗಳನ್ನು ನಾನು ಆಯುರ್ವೇದದ ಹಳೇ ಗ್ರಂಥ ಚರಕ ಸಂಹಿತೆಯಿಂದ ತೆಗೆದುಕೊಂಡೆ. ಅದರಲ್ಲಿರುವ ಐದು ಶ್ವಾಸರೋಗಗಳಲ್ಲಿ ನಮ್ಮ ದಮ್ಮಿಗೆ ಹತ್ತಿರದ್ದು ತಮಕ ಶ್ವಾಸ. ಧೂಳು, ಹೊಗೆ, ಗಾಳಿ, ತಣ್ಣೀರು, ತಂಪು ಜಾಗ ಅದಕ್ಕೆ ಕಾರಣ. ಮೋಡ ಕವಿದರೆ, ಮೂಡುಗಾಳಿ ಬೀಸಿದರೆ ಜಾಸ್ತಿ. ಮಲಗಿದರೆ ಸಂಕಟ, ಎದ್ದು ಕೂತರೆ ಹಗುರ. ಗೋಡೆಗೆ ದಿಂಬು ಆನಿಸಿ ರಾತ್ರಿ ಎರಡಕ್ಕೆ ಕೂರುವವನು ನಾನೇ ಅಲ್ವಾ! ಇಷ್ಟು ಸರಿಯಾಗಿ ನೋಡಿದವರು, ಯಾಕೆ ಅಂತ ಕೇಳಿದರೆ ಕಫ ವಾಯುವಿನ ದಾರಿ ಕಟ್ಟುತ್ತದೆ ಅಂದರು. ಈಗಿನ ವೈದ್ಯರು ಶ್ವಾಸನಾಳದ ಊತ ಅನ್ನುತ್ತಾರೆ.

'ಸಿಟ್ಟು, ಚಿಂತೆ' ಅಂತಲೂ ಒಂದು ಕಲಮು ಇರಲಿ. 20ನೇ ಶತಮಾನದ ನಡುವೆ ಅಮೆರಿಕದ ಕೆಲವು ಮನೋವೈದ್ಯರು, ಉಬ್ಬಸ ಅಂದರೆ ಅವ್ವನಿಗಾಗಿ ಒಳಗೇ ನುಂಗಿದ ಅಳು ಅಂತ ಬರೆದಿದ್ದರು. ನನ್ನ ಪುಸ್ತಕದಲ್ಲಿ ಆ ಕಲಮು ಹೆಚ್ಚು ತುಂಬಲಿಲ್ಲ.

ಹಳೇ ಕಾರಣ ಪರೀಕ್ಷೆ ಮಾಡಿ, ಹಳೇ ಮದ್ದು ಬೇಡ. ದತ್ತೂರಿ ಎಲೆಯ ಹೊಗೆ ಎಳೆಯುವ ಪದ್ಧತಿ 19ನೇ ಶತಮಾನದ ಆರಂಭದಲ್ಲಿ ನಮ್ಮ ದೇಶದಿಂದ ಇಂಗ್ಲೆಂಡಿಗೂ ಹೋಗಿತ್ತು. ಶ್ವಾಸನಾಳ ಸಡಿಲ ಆಗೋದು ನಿಜ. ಆದರೆ ಅದು ವಿಷ. ಡಾಕ್ಟರ್ ಕೊಟ್ಟ ಪಂಪು ಬಿಡಬೇಡಿ. ಒಂದು ಮಾತು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ ನೋಟ್‌ಬುಕ್ ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

ಮೂರು ತಿಂಗಳಿಗೆ ಎರಡೂ ಪುಟ ತಾಳೆ ನೋಡಿದೆ. ಮೆಣಸಿನಕಾಯಿ ಘಾಟು ಇದ್ದೇ ಇತ್ತು. ಆದರೆ ಮೋಡದ ದಿನಗಳ ಎದುರು ಪ್ರತಿ ಸಲ 'ಕೌದಿ' ಅಂತ ಬರೆದಿದ್ದೆ! ಸೀರೆಯ ತುಂಡು ಜೋಡಿಸಿ ಹೊಲಿದ ಆ ಹೊದಿಕೆಯನ್ನು ತಂಪು ಹತ್ತಿದ ಕೂಡಲೇ ಟ್ರಂಕಿನಿಂದ ತೆಗೆದು ಹೊದೆಯುತ್ತಿದ್ದೆ. ಮನೆಧೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ, ಅದು ದಮ್ಮು ಕೆರಳಿಸುತ್ತದೆ ಅಂತ 1960ರ ದಶಕದಲ್ಲಿ ನೆದರ್ಲೆಂಡ್ಸ್‌ನವರು ತೋರಿಸಿದ್ದರು. ಹಾಸಿಗೆ, ಹೊದಿಕೆಯೇ ಅದರ ಮನೆ.

ಡಾಕ್ಟರಿಗೆ ನೋಟ್‌ಬುಕ್ ತೋರಿಸಿದೆ. ಕೌದಿಯನ್ನು ಕುದಿನೀರಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಹಾಕಿದೆ. ಕೆಂಪು ಸೀರೆಯ ತುಂಡು ಬಣ್ಣ ಬಿಟ್ಟು ಹಳದಿಯನ್ನೂ ಕೆಡಿಸಿತು. ಹೊಲಿದಿದ್ದ ಅವ್ವ ಎರಡು ದಿನ ಮಾತಾಡಲಿಲ್ಲ.