ಕಿಂದರಿಜೋಗಿಗೆ ಇಲಿಗಳನ್ನು ಹುಡುಕಿದ್ದು

ಬೇಸಿಗೆ ರಜೆಗೆ ಸಾಗರ ಪಟ್ಟಣದ ಸುತ್ತಮುತ್ತಲ ಮಕ್ಕಳನ್ನು ಸೇರಿಸಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಾಟಕವಾಗಿ ಆಡಿಸೋಣ ಅಂತಾದಾಗ ಎಲ್ಲರೂ ಕೇಳಿದ್ದು ಜೋಗಿ ಯಾರು ಅಂತ. ನನಗೆ ಚಿಂತೆ ಇದ್ದದ್ದು ಇಲಿಗಳದ್ದು. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಕಥೆಯನ್ನು ಕುವೆಂಪು ನಮ್ಮ ತುಂಗೆಯ ದಡಕ್ಕೆ ತಂದರಲ್ಲ, ಅದರಲ್ಲಿ ಮೊದಲು ಇಲಿಗಳು ಜೋಗಿಯ ಹಿಂದೆ ಹೋಗುತ್ತವೆ, ಆಮೇಲೆ ಊರ ಮಕ್ಕಳು. ನಾವು ಎರಡಕ್ಕೂ ಒಂದೇ ಗುಂಪು ಇಟ್ಟುಕೊಂಡೆವು. ಅಂದರೆ ಆ ಮಕ್ಕಳು ಹೆಚ್ಚುಕಡಿಮೆ ಪೂರ್ತಿ ನಾಟಕ ರಂಗದ ಮೇಲೇ ಇರುತ್ತಾರೆ, ಹಾಡುತ್ತಾ, ಓಡುತ್ತಾ.

ಮಕ್ಕಳನ್ನು ಆರಿಸುವ ಆಡಿಷನ್‌ಗೆ ‘ಒಂದು ಹಾಡು ಕಲಿತು ಬನ್ನಿ’ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಟಿವಿ ಸ್ಪರ್ಧೆಯ ಹಾಡೇ ಬರುತ್ತದೆ, ಅದರ ಕೈ ಬೀಸಾಟದ ಸಮೇತ. ಅದರ ಬದಲು ಎಂಟರಿಂದ ಹದಿನಾಲ್ಕು ವರ್ಷದವರನ್ನು ಗುಂಪುಗುಂಪಾಗಿ ಕರೆದು, ಯಾರೂ ಕೇಳಿರದ ಎರಡು ಸಾಲು ಅಲ್ಲೇ ಕಲಿಸುತ್ತೇನೆ. ನಮ್ಮ ಹಾಡುಗಳು ಹೆಚ್ಚಾಗಿ ಮಧ್ಯ ಷಡ್ಜದಿಂದ ತಾರ ಷಡ್ಜದೊಳಗೇ, ಅಂದರೆ ನಡುವಿನ ಸಾದಿಂದ ಮೇಲಿನ ಸಾದೊಳಗೇ ಇದ್ದವು. ಅದಕ್ಕೆ ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಬಿಳಿ 1ಕ್ಕೆ, ಅಂದರೆ ಮೊದಲ ಬಿಳಿ ಮನೆಗೆ ಇಟ್ಟರೆ ಚಿಕ್ಕವರಿಗೂ ಸಲೀಸು. ಮೂರನೇ ಕಪ್ಪು ಮನೆಗೆ ಏರಿಸಿದರೆ ಮೇಲಿನ ಸಾ ಬರುವಷ್ಟರಲ್ಲಿ ಕಿರುಚಾಟ ಶುರು.

ಎರಡನೇ ಸಲ ಹಾಡುವಾಗ ಮಧ್ಯದಲ್ಲಿ ಹಾರ್ಮೋನಿಯಂ ನಿಲ್ಲಿಸಿಬಿಡುತ್ತೇನೆ, ನಾಲ್ಕು ಸಾಲು ಬಿಟ್ಟು ಮತ್ತೆ ಹಿಡಿಯುತ್ತೇನೆ. ಗುಂಪು ಅಷ್ಟರಲ್ಲಿ ಶ್ರುತಿಯಿಂದ ಕೆಳಗೆ ಜಾರಿರುತ್ತದೆ, ಅದು ಸಹಜ. ಜಾರಿದ್ದು ಗೊತ್ತಾಗಿ ಸುಮ್ನೆ ಸರಿಮಾಡಿಕೊಳ್ಳುವ ಒಂದಿಬ್ಬರು ಇರುತ್ತಾರೆ ನೋಡಿ, ಅವರ ಹೆಸರು ಮೊದಲು ಬರೆದುಕೊಳ್ಳಿ. ಆಮೇಲೆ ಅದೇ ಹಾಡನ್ನು ಆರು ಎಣಿಕೆಯ ದಾದ್ರಾ ತಾಳದ ನಡೆಯಲ್ಲಿ, ಒಂದನೇ ಎಣಿಕೆಗೂ ನಾಲ್ಕನೇ ಎಣಿಕೆಗೂ ಚಪ್ಪಾಳೆ ತಟ್ಟುತ್ತಾ ನಡೆದುಕೊಂಡು ಹಾಡಬೇಕು, ನಾನು ಶಿಳ್ಳೆ ಹೊಡೆದ ಕೂಡಲೇ ದಿಕ್ಕು ಬದಲಿಸಬೇಕು. ಕೂತು ಹಾಡುವವರಲ್ಲಿ ಅರ್ಧ ಜನ ಇಲ್ಲೇ ತಾಳ ಬಿಡುತ್ತಾರೆ.

‘ಮೇಡಂ, ಇವಳು ಸಂಗೀತದ ಜೂನಿಯರ್ ಪರೀಕ್ಷೆ ಪಾಸ್ ಮಾಡಿದಾಳೆ, ಜೋಗಿ ಪಾತ್ರ ಇವಳಿಗೇ ಅಲ್ವಾ?’ ಅಂತ ಒಬ್ಬ ತಾಯಿ ಕೇಳಿದರು. ಹುಡುಗಿಯ ಶ್ರುತಿ ಚೊಕ್ಕವಾಗಿತ್ತು, ಎದ್ದು ಹೆಜ್ಜೆ ಹಾಕಿದರೆ ಮಾತ್ರ ಹಾಡು ನಿಂತುಹೋಗುತ್ತಿತ್ತು. ಅವಳನ್ನು ಹಿಮ್ಮೇಳದಲ್ಲಿ ಕೂರಿಸಿದೆವು, ಇಡೀ ನಾಟಕದ ಹಾಡು ಎತ್ತಿಕೊಟ್ಟಿದ್ದೇ ಅವಳು. ಜೋಗಿಯಾದದ್ದು ಸ್ವಲ್ಪ ಒರಟು ದನಿಯ, ಆದರೆ ನಡೆದು ಬಂದರೆ ಎಲ್ಲರೂ ತಿರುಗಿ ನೋಡುವಂಥ ಇನ್ನೊಬ್ಬ ಹುಡುಗಿ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ್ದ ರಂಗನಿರ್ದೇಶಕ ಬಿ.ವಿ. ಕಾರಂತರ ರಂಗಗೀತೆಗಳನ್ನು ಕೇಳಿ ಬೆಳೆದ ನಮಗೆ ನಟರ ದನಿ ಒರಟಾಗಿದ್ದರೆ ಬೇಜಾರೇನಿಲ್ಲ.

ಯಕ್ಷಗಾನ ಕಲಿತ ಮಕ್ಕಳು ನಮ್ಮ ಕಡೆ ಜಾಸ್ತಿ. ಅವರ ಹೆಜ್ಜೆ ಗಟ್ಟಿ, ಮೈಕ್ ಇಲ್ಲದೆ ಹಿಂದಿನ ಸಾಲಿಗೆ ಮಾತು ಮುಟ್ಟುತ್ತದೆ. ತೂಗುಹಾಕಿದ ಮೈಕ್ ಬಿಟ್ಟರೆ ಬೇರೇನೂ ಇಲ್ಲದ, ಫ್ಯಾನ್ ಸದ್ದಿನ ಸಭಾಂಗಣದಲ್ಲಿ ಇದು ದೊಡ್ಡ ವರ. ತೊಂದರೆ ಏನಂದರೆ ಪ್ರತಿಯೊಬ್ಬರೂ ಮುಖ್ಯ ವೇಷದ ಗತ್ತಿನಲ್ಲೇ ನಿಲ್ಲುತ್ತಾರೆ, ಇಲಿಯಾಗಿ ಎಂದರೂ ರಾಜನ ಇಲಿಯೇ ಆಗುತ್ತಾರೆ! ಹನ್ನೆರಡು ದಾಟಿದ ಹುಡುಗರ ದನಿ ಯಾವಾಗ ಒಡೆಯುತ್ತದೋ ಹೇಳಲಾಗದು, ಹಾಗಾಗಿ ಅವರಿಗೆ ಒಂಟಿ ಹಾಡು ಕೊಡಲಿಲ್ಲ. ಊರ ಗೌಡನ ಪಾತ್ರಕ್ಕೆ ಆ ದನಿ ಚೆನ್ನಾಗಿಯೇ ಹೊಂದಿತು.

ಹೆಚ್ಚು ಹೊತ್ತು ಹಿಡಿದದ್ದು ಕೊನೆಗೆ ಹಿಂದುಳಿಯುವ ಕುಂಟ ಹುಡುಗನ ಪಾತ್ರಕ್ಕೆ. ಅದಕ್ಕೆ ಹಾಡು ಕೇಳಲಿಲ್ಲ. ಎಲ್ಲರೂ ಹಾಡುತ್ತಾ ಹೊರಗೆ ಓಡುವುದು, ಒಂದು ಮಗು ಮಾತ್ರ ಆ ಸದ್ದು ಪೂರ್ತಿ ನಿಲ್ಲುವವರೆಗೆ ಒಳಗೆ ನಿಲ್ಲುವುದು, ಅಷ್ಟೇ. ಸುಮಾರು ಮಕ್ಕಳು ಅಳುವ ಮುಖ ಮಾಡಿದರು, ಕೆಲವರು ನನ್ನನ್ನೇ ನೋಡಿದರು. ಬಾಗಿಲ ಕಡೆ ಕಿವಿಗೊಟ್ಟು ನಿಂತ ಒಬ್ಬ ಸಿಕ್ಕಿದ. ಅವನು ಬಂದದ್ದು ಅಕ್ಕನಿಗೆ ಜೊತೆಯಾಗಿ, ಆಡಿಷನ್‌ಗೆ ಹೆಸರೇ ಕೊಟ್ಟಿರಲಿಲ್ಲ.

ಅಪ್ಪ-ಅಮ್ಮಂದಿರನ್ನು ಹೊರಗೆ ಕೂರಿಸಿ, ಕಿಟಕಿ ಹಾಕಿ. ಹಳ್ಳಿಯ ಮಕ್ಕಳಿಗೆ ವಾಪಸ್ ಹೋಗುವ ಬಸ್ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿ ಅವರನ್ನು ಮುಂಚೆ ಕರೆಯಿರಿ, ಇಲ್ಲದಿದ್ದರೆ ಮಗುವಿನ ಗಮನ ಪೂರ್ತಿ ಗಡಿಯಾರದ ಮೇಲೆ. ಆಯ್ಕೆಯಾದವರು ಯಾರು ಅಂತ ಅವತ್ತು ಓದುವ ಪಟ್ಟಿಯಲ್ಲಿ ಬರೀ ಹೆಸರು ಇರಲಿ. ಪಾತ್ರ ಹಂಚುವುದು ತಾಲೀಮು ಒಂದು ವಾರ ನಡೆದ ಮೇಲೆ.