‘ಹಾಗೆ ಕಾಣುತ್ತದೆ’ ಎಂಬುದನ್ನು ಅರಬ್ಬಿಗೆ ತರುವಾಗ

ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯ ಸಣ್ಣ ಕೋಣೆಯಲ್ಲಿ ಕುಳಿತು ಇಂಗ್ಲಿಷ್ ಕಾಗದಪತ್ರಗಳನ್ನು ಅರಬ್ಬಿಗೆ ಅನುವಾದಿಸುವ ಕೆಲಸಕ್ಕೆ ನಾನು ತೊಡಗಿ 11 ವರ್ಷಗಳಾದವು. ಬರುವ ಕಾಗದಗಳಲ್ಲಿ ಹೆಚ್ಚಿನವು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಜಿಲ್ಲೆಯವರವು: ರಜೆಯಲ್ಲಿ ಊರಿಗೆ ಬಂದು ಆಸ್ಪತ್ರೆ ಸೇರಿದವರ ಡಿಸ್ಚಾರ್ಜ್ ಸಮ್ಮರಿ, ಹೆದ್ದಾರಿ ಅಪಘಾತದ ಮಹಜರು, ವಿಮೆಯ ಪತ್ರವ್ಯವಹಾರ, ಅಪರೂಪಕ್ಕೊಮ್ಮೆ ನ್ಯಾಯಾಲಯದ ಆದೇಶ. ಇವುಗಳಲ್ಲಿ ರೋಗದ ಹೆಸರುಗಳಾಗಲಿ ಕಾನೂನಿನ ಪರಿಭಾಷೆಯಾಗಲಿ ನನ್ನನ್ನು ಬಹಳ ಕಾಡಿದ್ದಿಲ್ಲ, ಏಕೆಂದರೆ ಅಂಥ ಪದಗಳಿಗೆ ನಿಘಂಟಿನಲ್ಲಿ ಒಂದು ಖಚಿತವಾದ ಜಾಗವಿರುತ್ತದೆ. ನನ್ನನ್ನು ನಿಜಕ್ಕೂ ಕಾಡಿದವು ‘ಕಾಣುತ್ತದೆ’, ‘ತೋರುತ್ತದೆ’ ಎಂಬ ಅರ್ಥ ಕೊಡುವ ಸೀಮ್, ಅಪಿಯರ್, ಲುಕ್, ಅಪರೆಂಟ್ಲಿ ಎಂಬ, ಶಾಲೆಯ ಮಕ್ಕಳಿಗೂ ಗೊತ್ತಿರುವ ನಾಲ್ಕು ಪದಗಳು.

ಅವು ಎಷ್ಟು ಕಷ್ಟವೆಂಬುದು ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಕೆಲಸ ಆರಂಭಿಸಿದ ಎರಡನೆಯ ವರ್ಷ, ತಲೆಗೆ ಪೆಟ್ಟಾಗಿದ್ದ ಒಬ್ಬರ ವರದಿಯಲ್ಲಿ, ದಾಖಲಾಗುವಾಗ ರೋಗಿಯು ಶಾಂತರಾಗಿದ್ದಂತೆ ಕಂಡರು ಎಂಬ ಅರ್ಥದ ಇಂಗ್ಲಿಷ್ ವಾಕ್ಯವಿತ್ತು. ಅರಬ್ಬಿಯಲ್ಲಿ ‘ಬದಾ’ ಎಂದರೆ ತೋರಿತು, ಕಂಡಿತು. ‘ಬದಅ’ ಎಂದರೆ ಆರಂಭಿಸಿತು. ಬರವಣಿಗೆಯಲ್ಲಿ ಇವೆರಡರ ನಡುವೆ ಇರುವುದು ಕೊನೆಯ ಅಲಿಫ್ ಅಕ್ಷರದ ತಲೆಯ ಮೇಲೆ ಕೂರುವ ಹಂಝ ಎಂಬ ಒಂದು ಸಣ್ಣ ಗುರುತು ಮಾತ್ರ. ನಾನು ಆ ಹಂಝವನ್ನು ಕೂರಿಸಬಾರದಲ್ಲಿ ಕೂರಿಸಿದ್ದೆ. ವಾಕ್ಯ ಅರ್ಥಹೀನವಾಗಿದ್ದರೆ ಯಾರಾದರೂ ತಪ್ಪೆಂದು ಗುರುತಿಸುತ್ತಿದ್ದರು. ಆದರೆ ಅದು ‘ರೋಗಿಯು ಆರಂಭದಲ್ಲಿ ಶಾಂತರಾಗಿದ್ದರು’ ಎಂದು ಓದಿಸಿಕೊಳ್ಳುವಂತಾಗಿ, ಅತ್ತ ಕಡೆಯ ವಿಮೆಯವರು ‘ಹಾಗಾದರೆ ಉದ್ರೇಕ ಯಾವಾಗ ಶುರುವಾಯಿತು, ಅದರ ದಾಖಲೆ ಎಲ್ಲಿ’ ಎಂದು ಕೇಳಿ ಬರೆದರು. ವರ್ತಮಾನ ಕಾಲದಲ್ಲಿ ಒಂದು ‘ಯಬ್ದೂ’ ಎಂದೂ ಇನ್ನೊಂದು ‘ಯಬ್ದಉ’ ಎಂದೂ ಬೇರೆಯಾಗುವುದರಿಂದ ಅಲ್ಲಿ ಈ ಅಪಾಯವಿಲ್ಲ. ಅಂದಿನಿಂದ, ಭೂತಕಾಲದ ‘ಬದಾ’ ಬರೆದಲ್ಲೆಲ್ಲ ಅದರ ತಲೆಯನ್ನು ಒಮ್ಮೆ ನೋಡದೆ ನಾನು ಪುಟ ಮುಚ್ಚುವುದಿಲ್ಲ.

ನನ್ನ ಅರಬ್ಬಿಯ ಹಿನ್ನೆಲೆಯನ್ನು ಇಲ್ಲಿ ಹೇಳಬೇಕು. ನಾನು ಕಾಪು ಕಡೆಯವನು, ಮನೆಯ ಮಾತು ತುಳು. ಕುವೈತಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ 9 ವರ್ಷ ದುಡಿದು, ಕಿವಿಯಿಂದ ಕಲಿತ ಅರಬ್ಬಿಯನ್ನು ಹೊತ್ತುಕೊಂಡು ಊರಿಗೆ ಬಂದೆ. ಅಲ್ಲಿನ ಆಡುಮಾತಿನಲ್ಲಿ ‘ನೀವು ದಣಿದಂತೆ ಕಾಣುತ್ತೀರಿ’ ಎನ್ನಲು ‘ಶಕ್ಲಕ್ ತಅಬಾನ್’ ಎಂದರೆ ಮುಗಿಯಿತು. ‘ನಿನ್ನ ರೂಪ ದಣಿದದ್ದು’ ಎಂಬುದು ಅದರ ಅಕ್ಷರಾರ್ಥ. ಅನುಮಾನದ ಮಾತಿಗೆಲ್ಲ ‘ಅಝ್ಝಾಹಿರ್’ ಎಂದು ಮುಂದೆ ಸೇರಿಸಿದರಾಯಿತು. ಇವೆರಡರ ಬಲದಿಂದ ಒಂಬತ್ತು ವರ್ಷ ಸುಖವಾಗಿ ಕಳೆದ ನನಗೆ ಬರಹದ ಅರಬ್ಬಿಯ ವ್ಯಾಕರಣವನ್ನು ಕಲಿಸಿದವರು ಬಂದರಿನ ಒಬ್ಬ ಹಿರಿಯ ಉಸ್ತಾದರು. ಪಳ್ಳಿದರ್ಸ್‌ನಲ್ಲಿ, ಅಂದರೆ ಮಸೀದಿಯ ಪಾಠಶಾಲೆಯಲ್ಲಿ, ದಶಕಗಳ ಕಾಲ ನಹ್ವ್, ಅಂದರೆ ಅರಬ್ಬಿ ವ್ಯಾಕರಣದ ಪಾಠ ಹೇಳಿ ನಿವೃತ್ತರಾಗಿದ್ದ ಅವರು, ವಾರಕ್ಕೆ ಎರಡು ಸಂಜೆ ನನ್ನನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದ್ದರಿಂದ ನಾನು ಪ್ರತಿಯೊಂದು ಇಂಗ್ಲಿಷ್ ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅರಬ್ಬಿಗೆ ಹೋಗಬೇಕಾಗುತ್ತಿತ್ತು. ಆಗ ಅದು ಸುತ್ತುದಾರಿಯೆಂದು ಬೇಸರಪಟ್ಟುಕೊಂಡಿದ್ದೆ; ಈ ಪದಗಳ ಮಟ್ಟಿಗೆ ಅದೇ ಹತ್ತಿರದ ದಾರಿಯಾಗಿತ್ತು.

ಏಕೆಂದರೆ ಈ ವಿಷಯದಲ್ಲಿ ಕನ್ನಡದ ವಾಕ್ಯವೂ ಅರಬ್ಬಿಯ ವಾಕ್ಯವೂ ಒಂದೇ ಮಗ್ಗುಲಿಗೆ ಮಲಗುತ್ತವೆ. ಇಂಗ್ಲಿಷಿನಲ್ಲಿ ‘ಅವಳು ದಣಿದಂತೆ ಕಾಣುತ್ತಾಳೆ’ ಎಂಬುದಕ್ಕೂ ‘ಅವಳು ಹೊರಟುಹೋಗಿದ್ದಾಳೆ ಎಂದು ಕಾಣುತ್ತದೆ’ ಎಂಬುದಕ್ಕೂ ಸೀಮ್ ಕ್ರಿಯಾಪದದ ಕರ್ತೃ ‘ಅವಳು’ ಆಗಬಹುದು. ಕನ್ನಡದಲ್ಲಿ ಮೊದಲನೆಯದು ‘ಕಾಣುತ್ತಾಳೆ’, ಎರಡನೆಯದು ‘ಕಾಣುತ್ತದೆ’. ಮೊದಲನೆಯದರಲ್ಲಿ ಕಾಣುವವಳು ಅವಳು; ಎರಡನೆಯದರಲ್ಲಿ ಕಾಣುವುದು ಅವಳಲ್ಲ, ಅವಳು ಹೊರಟುಹೋದ ಸಂಗತಿ. ಅರಬ್ಬಿಯದೂ ಇದೇ ನಡೆ. ರೋಗಿ ಹೆಂಗಸಾಗಿದ್ದು ಆಕೆ ದಣಿದಂತೆ ಕಂಡರೆ ‘ತಬ್ದುಲ್ ಮರೀಝತು ಮುತ್‌ಅಬತನ್’ ಎಂದು ಕ್ರಿಯಾಪದ ಸ್ತ್ರೀಲಿಂಗದಲ್ಲಿರುತ್ತದೆ, ‘ದಣಿದ’ ಎಂಬ ವಿಶೇಷಣ ನಸ್ಬ್ ವಿಭಕ್ತಿಯಲ್ಲಿ, ಅಂದರೆ ಕರ್ಮಪದಕ್ಕೆ ಬರುವ ವಿಭಕ್ತಿಯಲ್ಲಿರುತ್ತದೆ. ಆಕೆ ಹೊರಟುಹೋದಂತೆ ಕಂಡರೆ ‘ಯಬ್ದೂ ಅನ್ನಲ್ ಮರೀಝತ ಕದ್ ಗಾದರತ್’ ಎಂದಾಗಬೇಕು. ಅಲ್ಲಿ ‘ಯಬ್ದೂ’ ಪುಲ್ಲಿಂಗ ಏಕವಚನದಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಅದರ ಕರ್ತೃ ‘ಅನ್ನ’, ಅಂದರೆ ನಮ್ಮ ‘ಎಂದು’, ಎಂಬಲ್ಲಿಂದ ಮುಂದಿನ ಇಡೀ ಉಪವಾಕ್ಯ. ಇಂಗ್ಲಿಷ್ ವಾಕ್ಯವನ್ನು ಕಣ್ಣಮುಂದಿಟ್ಟುಕೊಂಡು ನೇರವಾಗಿ ಬರೆದ ನನ್ನ ಆರಂಭದ ಕರಡುಗಳಲ್ಲಿ ‘ತಬ್ದುಲ್ ಮರೀಝತು ಅನ್ನಹಾ’ ಎಂಬ, ಅತ್ತ ಇಂಗ್ಲಿಷೂ ಅಲ್ಲದ ಇತ್ತ ಅರಬ್ಬಿಯೂ ಅಲ್ಲದ ವಾಕ್ಯಗಳು ಪುಟಕ್ಕೊಂದರಂತೆ ಇದ್ದವು. ಉಸ್ತಾದರು ಅದನ್ನು ಓದಿ, ‘ನೀವು ಕನ್ನಡದಲ್ಲಿ ಹೀಗೆ ಹೇಳುತ್ತೀರಾ?’ ಎಂದು ಕೇಳಿದರು. ಹೇಳುವುದಿಲ್ಲ. ‘ಅವಳು ಹೊರಟುಹೋಗಿದ್ದಾಳೆ ಎಂದು ಕಾಣುತ್ತಾಳೆ’ ಎಂದು ಯಾವ ಕನ್ನಡಿಗನೂ ಹೇಳಲಾರ.

ವಾಕ್ಯರಚನೆ ಹೀಗೆ ಹಿಡಿತಕ್ಕೆ ಬಂದ ಮೇಲೆ ಉಳಿದದ್ದು ಪದದ ಆಯ್ಕೆ. ಅಪಿಯರ್ ಎಂಬುದಕ್ಕೆ ಮುನೀರ್ ಬಅಲಬಕ್ಕಿಯವರ ‘ಅಲ್ ಮೌರಿದ್’ ನಿಘಂಟನ್ನು ತೆರೆದರೆ ‘ಝಹರ’, ‘ಬದಾ’ ಎರಡೂ ಸಿಗುತ್ತವೆ. ಎಲ್ಲಿ ಯಾವುದು ಎಂಬುದನ್ನು ನಾವೇ ನಿರ್ಧರಿಸಬೇಕು. ‘ಝಹರ’ ಎಂದರೆ ಮೊದಲು ಇರದಿದ್ದದ್ದು ಅಥವಾ ಮರೆಯಲ್ಲಿದ್ದದ್ದು ಕಣ್ಣಿಗೆ ಬಿತ್ತು, ಹೊರಬಂತು. ‘ಯಬ್ದೂ ಅನ್ನ’ ಎಂದರೆ ಹೇಳುವವನ ಮನಸ್ಸಿಗೆ ಹಾಗೆ ತೋರುತ್ತದೆ. ಒಂದೇ ವರದಿಯ ಒಂದೇ ಪರಿಚ್ಛೇದದಲ್ಲಿ, ಮೂರನೆಯ ದಿನ ಮೈಮೇಲೆ ದದ್ದು ಕಾಣಿಸಿಕೊಂಡಿತು ಎಂದೂ, ಆ ದದ್ದು ಔಷಧದ ಅಲರ್ಜಿಯಿಂದ ಬಂದಂತೆ ಕಾಣುತ್ತದೆ ಎಂದೂ, ಎರಡಕ್ಕೂ ಅಪಿಯರ್ ಬಳಸಿ ವೈದ್ಯರು ಬರೆದಿರುತ್ತಾರೆ. ಮೊದಲನೆಯದು ಘಟನೆ, ಎರಡನೆಯದು ಅಭಿಪ್ರಾಯ. ಕನ್ನಡದಲ್ಲಿ ‘ಕಾಣಿಸಿಕೊಂಡಿತು’, ‘ಹಾಗೆ ಕಾಣುತ್ತದೆ’ ಎಂದು ಎರಡು ಬಗೆಯಾಗಿ ಹೇಳಿಕೊಂಡ ಕೂಡಲೇ ‘ಝಹರ’ ಎಲ್ಲಿ, ‘ಯಬ್ದೂ’ ಎಲ್ಲಿ ಎಂಬುದು ತಾನಾಗಿಯೇ ಬೇರೆಯಾಗುತ್ತದೆ. ಈಗಿನ ಯಂತ್ರಾನುವಾದಗಳನ್ನು ತಿದ್ದಿಕೊಡಿ ಎಂದು ತರುವವರೂ ಇದ್ದಾರೆ. ಅವುಗಳಲ್ಲಿ ನಾನು ಮೊದಲು ಹುಡುಕುವುದು ಈ ಎರಡು ಕ್ರಿಯಾಪದಗಳನ್ನೇ.

‘ಝಹರ’ದ ಧಾತು ನಮ್ಮ ಊರಿಗೆ ಅಪರಿಚಿತವೇನಲ್ಲ. ಬಂದರಿನಲ್ಲಿ ಮಧ್ಯಾಹ್ನದ ನಮಾಝನ್ನು ‘ಳುಹರ್’ ಎನ್ನುತ್ತಾರಲ್ಲ, ಅದು ಇದೇ ಧಾತುವಿನದು. ಆ ಅಕ್ಷರವನ್ನು ಕರಾವಳಿಯವರು ಳಕಾರದಂತೆ ಉಚ್ಚರಿಸುವುದು ವಾಡಿಕೆ. ಕನ್ನಡದ ‘ಜಾಹೀರು’, ‘ಜಾಹೀರಾತು’ ಕೂಡ ಇಲ್ಲಿಂದಲೇ ಫಾರಸಿಯ ದಾರಿಯಾಗಿ ಬಂದವು. ಜಾಹೀರಾತಿನಲ್ಲಿ ತೋರಿದ್ದೆಲ್ಲ ನಿಜವಲ್ಲವೆಂಬ ಅನುಭವ ನಮಗಿದ್ದರೂ, ಧಾತುವಿನ ಮೂಲಾರ್ಥದಲ್ಲಿ ಸುಳ್ಳಿನ ವಾಸನೆಯಿಲ್ಲ, ಬಯಲಿಗೆ ಬರುವುದಷ್ಟೇ ಇದೆ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಮಹಜರುಗಳು. ನಮ್ಮಲ್ಲಿ ಅಪಘಾತದ ಸ್ಥಳ ಮಹಜರು ಮೂಲದಲ್ಲಿ ಕನ್ನಡದಲ್ಲಿರುತ್ತದೆ. ಅದನ್ನು ಯಾರೋ ಇಂಗ್ಲಿಷಿಗೆ ಮಾಡಿಸಿಕೊಂಡು ನನ್ನ ಬಳಿಗೆ ತರುತ್ತಾರೆ. ಉಡುಪಿ ಕಡೆಯಿಂದ ಬಂದ ಅಂಥ ಒಂದು ಇಂಗ್ಲಿಷ್ ಪ್ರತಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಟಯರಿನ ಗುರುತುಗಳು ಅಪಿಯರ್ ಆದವು ಎಂದಿತ್ತು. ಹಾಗೆಯೇ ‘ಝಹರತ್’ ಎಂದು ಅನುವಾದಿಸಿದ್ದರೆ, ಪೊಲೀಸರು ನಿಂತು ನೋಡುತ್ತಿರುವಾಗ ರಸ್ತೆಯಲ್ಲಿ ಗುರುತುಗಳು ಮೂಡಿಬಂದವೆಂದು ಓದುವವರು ತಿಳಿಯುತ್ತಿದ್ದರು. ‘ಯಬ್ದೂ’ ಹಾಕಿದ್ದರೆ ಗುರುತು ಇತ್ತೋ ಇಲ್ಲವೋ ಎಂದು ಪೊಲೀಸರಿಗೇ ಅನುಮಾನವಿತ್ತು ಎಂದಾಗುತ್ತಿತ್ತು. ಪಕ್ಷಗಾರರಿಂದ ಕನ್ನಡದ ಮೂಲವನ್ನು ತರಿಸಿ ನೋಡಿದೆ, ಅಲ್ಲಿದ್ದದ್ದು ‘ಕಂಡುಬಂದಿರುತ್ತದೆ’. ಆಡಳಿತ ಕನ್ನಡದ ಈ ಪದವನ್ನು ನಾವು ದಿನವೂ ಓದುತ್ತೇವೆ, ಆದರೆ ಅದರ ತೂಕವನ್ನು ಅಳೆದು ನೋಡುವುದಿಲ್ಲ. ‘ಹಾಗೆ ಕಾಣುತ್ತದೆ’ ಎಂಬಲ್ಲಿನ ಅಳುಕು ಅದರಲ್ಲಿ ಇಲ್ಲ. ಪಂಚರ ಸಮಕ್ಷಮ ಕಣ್ಣಾರೆ ನೋಡಿ ದಾಖಲಿಸಿದ್ದು ಎಂಬುದು ಅದರ ಅರ್ಥ. ಆದ್ದರಿಂದ ಅರಬ್ಬಿಯಲ್ಲಿ ‘ಶೂಹಿದತ್’, ಅಂದರೆ ನೋಡಲ್ಪಟ್ಟವು, ಎಂದು ಬರೆದೆ. ಅದೇ ಮಹಜರಿನಲ್ಲಿ ಮುಂದೆ, ಕಾರಿನ ಬ್ರೇಕು ಕೆಟ್ಟಿತ್ತೆಂದು ಪರಿಶೀಲನೆಯಿಂದ ಕಂಡುಬಂದಿರುತ್ತದೆ ಎಂದಿದ್ದಲ್ಲಿ ‘ತಬಯ್ಯನ’ ಬಳಸಿದೆ. ಪರಿಶೀಲಿಸಿದ ಮೇಲೆ ಸ್ಪಷ್ಟವಾಯಿತು ಎಂಬ ಅರ್ಥಕ್ಕೆ ಅದು ಸರಿಯಾದ ಪದ. ಇಂಗ್ಲಿಷಿನ ಒಂದು ಅಪಿಯರ್ ಇವೆರಡನ್ನೂ ನುಂಗಿಹಾಕಿ, ಕನ್ನಡದ ಖಚಿತವಾದ ಮಾತನ್ನು ಅನುಮಾನದ ಮಾತಾಗಿಸಿತ್ತು. ಮಹಜರು ಎಂಬ ಪದವೇ ಅರಬ್ಬಿಯ ‘ಮಹ್‌ಝರ್’ನಿಂದ ಬಂದದ್ದು, ಅರಬ್ಬಿಯಲ್ಲಿ ಇಂದಿಗೂ ಅದಕ್ಕೆ ಅಧಿಕೃತ ವರದಿ ಎಂಬ ಅರ್ಥವಿದೆ ಎಂದು ಉಸ್ತಾದರಿಗೆ ತೋರಿಸಿದಾಗ ಅವರು ಬಹಳ ಹೊತ್ತು ನಕ್ಕರು.

ನ್ಯಾಯಾಲಯದ ಆದೇಶಗಳಲ್ಲಿ ಬರುವ ಅಪಿಯರ್ ಸುಲಭ. ಕನ್ನಡದಲ್ಲಿ ಅದು ‘ಹಾಜರಾಗು’, ಅರಬ್ಬಿಯಲ್ಲಿ ‘ಹಝರ’ ಅಥವಾ ‘ಮಸುಲ ಅಮಾಮಲ್ ಮಹ್‌ಕಮ’. ಪುಸ್ತಕವೊಂದು ಅಪಿಯರ್ ಆದರೆ ಅದು ‘ಸದರ’, ಪ್ರಕಟವಾಯಿತು ಎಂದಷ್ಟೇ.

ಅಪರೆಂಟ್ಲಿ ಎಂಬ ಪದದ ಎದುರು ಮಾತ್ರ ನಾನು ಈಗಲೂ ತಡೆದು ನಿಲ್ಲುತ್ತೇನೆ. ‘ಅಲಾ ಮಾ ಯಬ್ದೂ’, ತೋರುವ ಪ್ರಕಾರ, ಎಂಬ ಸಿದ್ಧವಾದ ಜೋಡಣೆ ಅದಕ್ಕಿದೆ, ನೋಡಿದ್ದರ ಆಧಾರದ ಮೇಲೆ ಊಹಿಸಿದಾಗ ಅದು ಸರಿಯೂ ಹೌದು. ಆದರೆ ಲಾರಿ ತಪ್ಪು ಬದಿಯಿಂದ ಬಂತು ಎಂದು ಅಪರೆಂಟ್ಲಿ ಸೇರಿಸಿ ಬರೆದವರು, ಲಾರಿಯನ್ನು ನೋಡಿದವರಲ್ಲ, ನೋಡಿದವರ ಬಾಯಿಂದ ಕೇಳಿದವರು. ಕನ್ನಡದಲ್ಲಿ ಅದು ‘ಬಂತಂತೆ’. ‘ಅಂತೆ’ ಎಂಬ ಎರಡಕ್ಷರವನ್ನು ಬಾಲಕ್ಕೆ ಸೇರಿಸಿ, ಹೇಳುವವನು ತಾನು ಕಂಡಿಲ್ಲವೆಂಬುದನ್ನು ಒಪ್ಪಿಕೊಂಡುಬಿಡುತ್ತಾನೆ. ಇಂಥಲ್ಲಿ ನಾನು ‘ಅಲಾ ಮಾ ಕೀಲ’, ಹೇಳಲಾದ ಪ್ರಕಾರ, ಎಂದೋ, ಸಾಕ್ಷಿಗಳ ಹೇಳಿಕೆ ಕಡತದಲ್ಲಿದ್ದರೆ ‘ಹಸಬ ಇಫಾದತಿಶ್ ಶುಹೂದ್’ ಎಂದೋ ಬರೆಯುತ್ತೇನೆ. ಅನುವಾದಕನು ಇಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಬಾರದೆನ್ನುವವರಿದ್ದಾರೆ. ಮೂಲದಲ್ಲಿರುವ ಆಧಾರವನ್ನು ಮರೆಮಾಡುವುದು ಅದಕ್ಕಿಂತ ದೊಡ್ಡ ಸ್ವಾತಂತ್ರ್ಯವೆಂದು ನನ್ನ ಎಣಿಕೆ.

ಸುಳ್ಳು ತೋರಿಕೆಗೆ ಅರಬ್ಬಿಯಲ್ಲಿ ಬೇರೆಯೇ ಪದಗಳಿವೆ; ಕಾಗದಪತ್ರಗಳಲ್ಲಿ ಅವು ಅಪರೂಪವಾದರೂ ಉಸ್ತಾದರ ಪಾಠದಲ್ಲಿ ಒಂದು ತಿಂಗಳು ಅದೇ ನಡೆಯಿತು. ನಹ್ವ್‌ನಲ್ಲಿ ‘ಅಫ್‌ಆಲುಲ್ ಕುಲೂಬ್’, ಅಂದರೆ ಹೃದಯದ ಕ್ರಿಯಾಪದಗಳು ಎಂಬ ಒಂದು ಗುಂಪಿದೆ. ಭಾವಿಸು, ಎಣಿಸು, ಊಹಿಸು ಎಂಬಂಥ ಅರ್ಥದ ‘ಝನ್ನ’, ‘ಹಸಿಬ’, ‘ಖಾಲ’, ‘ಝಅಮ’ ಮೊದಲಾದವು ಅದರಲ್ಲಿ ಬರುತ್ತವೆ. ‘ರಆ’ ಎಂಬ ನೋಡುವ ಕ್ರಿಯಾಪದ ಕಣ್ಣಿನಿಂದ ನೋಡಿದಾಗ ಒಂದು ಕರ್ಮವನ್ನೂ, ಮನಸ್ಸಿನಿಂದ ಕಂಡಾಗ ಎರಡು ಕರ್ಮಗಳನ್ನೂ ತೆಗೆದುಕೊಳ್ಳುತ್ತದೆ. ಕುರ್‌ಆನಿನ 27ನೆಯ ಅಧ್ಯಾಯದಲ್ಲಿ ಸಬಾದ ರಾಣಿ ಗಾಜಿನ ನೆಲವನ್ನು ನೀರೆಂದು ಭಾವಿಸುವಲ್ಲಿ ‘ಹಸಿಬತ್’ ಇದೆ. 20ನೆಯ ಅಧ್ಯಾಯದಲ್ಲಿ ಮಾಂತ್ರಿಕರ ಹಗ್ಗಗಳು ಹರಿದಾಡುವಂತೆ ಪ್ರವಾದಿ ಮೂಸಾರಿಗೆ ತೋರುವಲ್ಲಿ ‘ಯುಖಯ್ಯಲು’ ಇದೆ. ಎರಡನೆಯದು ಕರ್ಮಣಿ ರೂಪ: ಯಾರೋ ಹಾಗೆ ತೋರುವಂತೆ ಮಾಡಿದರು. ಕನ್ನಡದ ‘ಖಯಾಲಿ’ ಈ ಧಾತುವಿನ ದೂರದ ನೆಂಟ. ರೋಗಿಯೊಬ್ಬರ ಭ್ರಮೆಯ ಬಗ್ಗೆ ಮನೋವೈದ್ಯರೊಬ್ಬರು ಬರೆದ ವರದಿಯಲ್ಲಿ, ಗೋಡೆಯಾಚೆ ಯಾರೋ ಮಾತನಾಡುವಂತೆ ರೋಗಿಗೆ ತೋರುತ್ತದೆ ಎಂಬ ಒಂದೇ ಒಂದು ವಾಕ್ಯಕ್ಕೆ ನನಗೆ ಈ ‘ಯುಖಯ್ಯಲು ಇಲೈಹಿ’ ಬೇಕಾಯಿತು. ‘ಯಬ್ದೂ ಲಹು’ ಎಂದಿದ್ದರೆ ಗೋಡೆಯಾಚೆ ಯಾರಾದರೂ ಇದ್ದಿರಲೂಬಹುದು ಎಂದಾಗುತ್ತಿತ್ತು.

ನಿಷೇಧ ಸೇರಿದಾಗ ಇದೆಲ್ಲ ಇನ್ನೊಮ್ಮೆ ಕದಡುತ್ತದೆ. ಮೂಳೆ ಮುರಿದಂತೆ ಕಾಣುವುದಿಲ್ಲ ಎಂಬುದು ವೈದ್ಯರ ಅಂದಾಜು: ‘ಲಾ ಯಬ್ದೂ ಅನ್ನ ಹುನಾಕ ಕಸ್ರನ್’. ಮುರಿತ ಕಾಣುವುದಿಲ್ಲ ಎಂಬುದು ಎಕ್ಸ್‌ರೇ ಫಿಲ್ಮಿನ ವಿವರಣೆ: ‘ಲಾ ಯಝ್‌ಹರು ಕಸ್ರ್’. ವಿಮೆಯವರ ಕಣ್ಣಿಗೆ ಇವೆರಡೂ ಒಂದೇ ಅಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಎದೆಯ ಎಕ್ಸ್‌ರೇ ವರದಿ ಬಂತು. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಒಂದು ಸಣ್ಣ ಮಬ್ಬು ಅಪಿಯರ್ ಆಗುತ್ತದೆ ಎಂದು ಒಂದೇ ಸಾಲು. ಇದೆ ಎಂದೋ, ಇರುವಂತಿದೆ ಎಂದೋ ಹಿಂದುಮುಂದಿನ ವಾಕ್ಯಗಳಿಂದ ತಿಳಿಯುವಂತಿರಲಿಲ್ಲ. ನಾನು ‘ಯಬ್ದೂ’ ಎಂದು ಬರೆದಿಟ್ಟು, ಸಮಾಧಾನವಾಗದೆ, ವರದಿ ಬರೆದ ವೈದ್ಯರಿಗೆ ಫೋನ್ ಮಾಡಿ, ‘ಡಾಕ್ಟ್ರೇ, ಅಲ್ಲಿ ಕಾಣುತ್ತದೆ ಎಂದರೆ ಏನರ್ಥದಲ್ಲಿ?’ ಎಂದು ಕೇಳಿದೆ. ಅತ್ತಲಿಂದ ಕ್ಷಣ ಮೌನ. ಆಮೇಲೆ, ‘ಕಾಣ್ತದೆ ಮಾರಾಯ್ರೇ, ಫಿಲ್ಮಿನಲ್ಲಿ ಸರಿಯಾಗಿ ಕಾಣ್ತದೆ. ಉಂಟು ಕಾಣ್ತದೆ ಅಂತ ನಾನು ಬರೆದದ್ದಲ್ಲ’ ಎಂದರು. ನಾನು ‘ಯಬ್ದೂ’ ಹೊಡೆದುಹಾಕಿ ‘ತಝ್‌ಹರು’ ಎಂದು ಬರೆದು, ಕೆಳಗೆ ನನ್ನ ಮೊಹರು ಒತ್ತಿದೆ.